ಮೊದಲ ಹತ್ತು ವರ್ಷ ನಮ್ಮೂರಲ್ಲೇ ಈಜಲು ಬಿಡಿ: ಕೋಲಾರ ಜಿಲ್ಲಾಡಳಿತಕ್ಕೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾ ಉಸ್ತುವಾರಿ ಸಚಿವರಿಗೆ, ಜಿಲ್ಲಾಧಿಕಾರಿಗಳಿಗೆ, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಧಿಕಾರಿಗಳಿಗೆ,

ನಮಸ್ಕಾರ. ನಾನು ಮಾಲೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿ. ಮಕ್ಕಳ ಬಾಯಲ್ಲಿ ಪಿ.ಟಿ. ಮಿಸ್. ಪತ್ರ ಉದ್ದವಿದೆ. ಕೊನೆವರೆಗೆ ಓದಲು ನಿಮಗೆ ಪುರುಸೊತ್ತು ಸಿಗುತ್ತೋ ಇಲ್ಲವೋ, ಅದಕ್ಕೇ ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ನಮ್ಮ ತಾಲ್ಲೂಕಿಗೆ 25 ಮೀಟರಿನ ಒಂದು ಸಾಧಾರಣ ಈಜುಕೊಳ ಬೇಕು. ಅದಕ್ಕೊಬ್ಬ ಕಾಯಂ ಕೋಚ್ ಬೇಕು. ಅದು ಬೆಳಗ್ಗೆ ಐದೂವರೆಗೆ ತೆರೆಯಬೇಕು. ಹತ್ತು ವರ್ಷ ಮುಚ್ಚಬಾರದು. ಇಷ್ಟೇ. ಉಳಿದದ್ದೆಲ್ಲ ಯಾಕೆ ಅನ್ನೋದಕ್ಕೆ ವಿವರಣೆ.

ಈಜಿನ ಮಟ್ಟಿಗೆ ನಮ್ಮ ರಾಜ್ಯ ದೇಶದಲ್ಲೇ ಮುಂದು. ಒಲಿಂಪಿಕ್ಸ್ ಪಟ್ಟಿ ನೋಡಿ. 2000ದ ಸಿಡ್ನಿಯಲ್ಲಿ ನಿಶಾ ಮಿಲೆಟ್. 2004ರ ಅಥೆನ್ಸ್‌ನಲ್ಲಿ ಶಿಖಾ ಟಂಡನ್. 2008ರ ಬೀಜಿಂಗ್‌ನಲ್ಲಿ ರೆಹಾನ್ ಪೊಂಚಾ. 2012ರ ಲಂಡನ್‌ನಲ್ಲಿ 1500 ಮೀಟರ್ ಈಜಿದ ಗಗನ್ ಉಳ್ಳಾಲಮಠ. ಟೋಕಿಯೊ, ಪ್ಯಾರಿಸ್ ಎರಡಕ್ಕೂ ಹೋದ ಶ್ರೀಹರಿ ನಟರಾಜ್. ಪ್ಯಾರಿಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದಾಗ ಧಿನಿಧಿ ದೇಸಿಂಗುಗೆ ಬರೀ 14 ವರ್ಷ, ಇಡೀ ಭಾರತ ತಂಡದಲ್ಲೇ ಎಲ್ಲರಿಗಿಂತ ಚಿಕ್ಕವಳು. ಇವರೆಲ್ಲ ಪಳಗಿದ್ದು ಬೆಂಗಳೂರಿನ ಕೊಳಗಳಲ್ಲಿ. ಮಾಲೂರಿನಿಂದ ಅಲ್ಲಿಗೆ ರೈಲಿನಲ್ಲಿ ಹೆಚ್ಚುಕಮ್ಮಿ ಒಂದು ಗಂಟೆಯ ದಾರಿ. ಆದರೂ ಈ ಪಟ್ಟಿಯಲ್ಲಿ ಕೋಲಾರ ಜಿಲ್ಲೆಯ ಹೆಸರೊಂದೂ ಇಲ್ಲ.

"ದೊಡ್ಡ ಊರಿನ ಆಟ, ದುಡ್ಡಿದ್ದವರ ಆಟ, ಬಿಡಿ ಮೇಡಂ" ಎಂದು ಹೇಳುವವರಿದ್ದಾರೆ. ದುಡ್ಡಿನ ಮಾತು ಸ್ವಲ್ಪ ನಿಜ. ದೊಡ್ಡ ಊರಿನ ಮಾತು ಪೂರ್ತಿ ನಿಜವಲ್ಲ. ಇಬ್ಬರ ಕಥೆ ಹೇಳುತ್ತೇನೆ. ಇಬ್ಬರೂ ಕರ್ನಾಟಕದವರಲ್ಲ, ಇಬ್ಬರನ್ನೂ ಬೆಳೆಸಿದ್ದು ಬೆಂಗಳೂರು.

ಮೊದಲನೆಯವರು ವೀರ್‌ಧವಲ್ ಖಾಡೆ. ಊರು ಕೊಲ್ಹಾಪುರ. ನಮಗಿಂತ ದೊಡ್ಡದು, ಒಪ್ಪಿದೆ, ಆದರೂ ಜಿಲ್ಲಾ ಕೇಂದ್ರವೇ ತಾನೆ? ಚಿಕ್ಕಂದಿನಲ್ಲಿ ಈಜಿದ್ದೆಲ್ಲ ಅಲ್ಲಿ. ಹದಿಹರೆಯದಲ್ಲಿ ಬೆಂಗಳೂರಿಗೆ ಬಂದು ಕೋಚ್ ನಿಹಾರ್ ಅಮೀನ್ ಅವರ ಬಳಿ ಸೇರಿಕೊಂಡರು. ಬೀಜಿಂಗ್ ಒಲಿಂಪಿಕ್ಸ್‌ಗೆ ಹೋದಾಗ ಅವರಿಗೆ 16. 2010ರಲ್ಲಿ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 50 ಮೀಟರ್ ಬಟರ್‌ಫ್ಲೈ ಕಂಚು. ಅದಕ್ಕೂ ಮುಂಚೆ ಏಷ್ಯಾಡ್ ಈಜಿನಲ್ಲಿ ಭಾರತಕ್ಕೆ ಪದಕ ಬಂದದ್ದು 1986ರಲ್ಲಿ, ಖಜಾನ್ ಸಿಂಗ್ ಅವರಿಂದ. ನಡುವೆ 24 ವರ್ಷ ಖಾಲಿ.

ಎರಡನೆಯವರು ಸಾಜನ್ ಪ್ರಕಾಶ್. ಹುಟ್ಟಿದ್ದು ಕೇರಳದ ಇಡುಕ್ಕಿಯಲ್ಲಿ, ಬೆಳೆದದ್ದು ತಮಿಳುನಾಡಿನ ನೈವೇಲಿಯಲ್ಲಿ. ಅಮ್ಮ ಓಟಗಾರ್ತಿಯಾಗಿದ್ದವರು, ನೈವೇಲಿಯ ಲಿಗ್ನೈಟ್ ಗಣಿ ಕಂಪನಿಯಲ್ಲಿ ನೌಕರಿ. ಹುಡುಗ ಈಜಲು ಶುರು ಮಾಡಿದ್ದು ಆ ಗಣಿ ಊರಲ್ಲೇ. ಆಮೇಲೆ ಬೆಂಗಳೂರಿನ ಬಸವನಗುಡಿ ಅಕ್ವಾಟಿಕ್ ಸೆಂಟರಿಗೆ ಬಂದು ಕೋಚ್ ಪ್ರದೀಪ್ ಕುಮಾರ್ ಅವರ ಕೈಕೆಳಗೆ ಪಳಗಿದರು. 2021ರ ಜೂನ್‌ನಲ್ಲಿ ರೋಮ್‌ನಲ್ಲಿ 200 ಮೀಟರ್ ಬಟರ್‌ಫ್ಲೈಯನ್ನು 1 ನಿಮಿಷ 56.38 ಸೆಕೆಂಡಿನಲ್ಲಿ ಮುಗಿಸಿದರು. ಒಲಿಂಪಿಕ್ಸ್‌ನ 'ಎ' ಅರ್ಹತಾ ಸಮಯ, ಅಂದರೆ ನೇರ ಪ್ರವೇಶ ಸಿಗುವ ಸಮಯ, 1 ನಿಮಿಷ 56.48 ಸೆಕೆಂಡ್. ಅದನ್ನು ದಾಟಿದ ಮೊದಲ ಭಾರತೀಯ ಅವರೇ. ಅದೇ ಕೂಟದಲ್ಲಿ ನಮ್ಮ ಶ್ರೀಹರಿ 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ 53.77 ಸೆಕೆಂಡ್ ಮಾಡಿದರು. ಬೇಕಿದ್ದದ್ದು 53.85.

ಗಣಿ ಊರು ಅಂದಾಗ ನಿಮಗೂ ಕೆಜಿಎಫ್ ನೆನಪಾಗಿರಬೇಕು, ಅಲ್ವಾ? ನೈವೇಲಿಯ ಗಣಿ ಇನ್ನೂ ನಡೆಯುತ್ತಿದೆ. ನಮ್ಮದು 2001ರಲ್ಲಿ ಮುಚ್ಚಿತು. ಆ ಕಥೆ ಬೇರೆ, ಅದಕ್ಕೆ ಬೇರೆ ಪತ್ರವೇ ಬರೆಯಬೇಕು.

ನಾನು ಹೇಳಲು ಹೊರಟಿದ್ದು ಇಷ್ಟು. ಈಜುಗಾರನ ಬದುಕಿನ ದ್ವಿತೀಯಾರ್ಧವನ್ನು ಬೆಂಗಳೂರು ನೋಡಿಕೊಳ್ಳುತ್ತದೆ. ಕೊಲ್ಹಾಪುರದವರಿಗೂ ನೋಡಿಕೊಂಡಿತು, ನೈವೇಲಿಯವರಿಗೂ ನೋಡಿಕೊಂಡಿತು. ಆದರೆ ಮೊದಲರ್ಧ ಮನೆ ಹತ್ತಿರವೇ ಆಗಬೇಕು. ಆರೇಳು ವರ್ಷದ ಮಗುವನ್ನು ದಿನಾ ರೈಲು ಹತ್ತಿಸಿ ಇನ್ನೊಂದು ಜಿಲ್ಲೆಗೆ ಕಳಿಸಲು ಯಾರಿಂದಲೂ ಆಗುವುದಿಲ್ಲ. ಕೊಲ್ಹಾಪುರದ ಮಗುವಿಗೆ ಆ ವಯಸ್ಸಿನಲ್ಲಿ ಕೊಳ ಸಿಕ್ಕಿತು. ಬೆಂಗಳೂರಿನ ಮಗ್ಗುಲಲ್ಲೇ ಇರುವ ನನ್ನ ಶಾಲೆಯ ಮಗುವಿಗೆ ಸಿಗಲಿಲ್ಲ.

ಕಬಡ್ಡಿಯಲ್ಲಿ ಹದಿಮೂರಕ್ಕೆ ಶುರು ಮಾಡಿದರೂ ಒಳ್ಳೆ ಆಟಗಾರರಾಗಬಹುದು. ನಾನೇ ಅಂಥವರನ್ನು ತಯಾರು ಮಾಡಿದ್ದೇನೆ. ಈಜಿನಲ್ಲಿ ಅದು ಬಹಳ ಕಷ್ಟ. ನೀರನ್ನು ಅಂಗೈಯಲ್ಲಿ ಹಿಡಿದು ಹಿಂದಕ್ಕೆ ತಳ್ಳುವ ಹದ, ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಗೋಡೆ ಹತ್ತಿರ ಬಂದಾಗ ಹೇಗೆ ಪಲ್ಟಿ ಹೊಡೆದು ಕಾಲಿನಿಂದ ಒದೆಯಬೇಕು, ಒದ್ದ ಮೇಲೆ ನೀರಿನೊಳಗೇ ಎಷ್ಟು ದೂರ ಹೋಗಬೇಕು, ಇವೆಲ್ಲ ಮೈಗೆ ಚಿಕ್ಕ ವಯಸ್ಸಿನಲ್ಲೇ ಹತ್ತಬೇಕು. ರಾಷ್ಟ್ರಮಟ್ಟದವರು ದಿನಕ್ಕೆ ಐದಾರು ಕಿಲೋಮೀಟರ್ ಈಜುವುದು ಮಾಮೂಲು. 25 ಮೀಟರಿನ ಕೊಳದಲ್ಲಿ ಐದು ಕಿಲೋಮೀಟರ್ ಅಂದರೆ 200 ಸಲ ಈ ತುದಿಯಿಂದ ಆ ತುದಿ. ಒಂದು ವಾರ ಬಿಟ್ಟರೆ ನೀರಿನ ಹಿಡಿತ ತಪ್ಪುತ್ತದೆ. 2020ರಲ್ಲಿ ಕೊರೊನಾ ಬಂದು ತಿಂಗಳುಗಟ್ಟಲೆ ಕೊಳಗಳು ಮುಚ್ಚಿದವಲ್ಲ, ಆಗ ಖಾಡೆಯಂಥವರೇ ನಿವೃತ್ತಿಯ ಯೋಚನೆ ಮಾಡಬೇಕಾದೀತು ಎಂದು ಬಹಿರಂಗವಾಗಿ ಬರೆದುಕೊಂಡಿದ್ದರು.

ಇಷ್ಟೆಲ್ಲ ಮಾಡಿದ ಮೇಲೆ ಸಿಗುವುದು ಎಷ್ಟು? ರೋಮ್‌ನಲ್ಲಿ ಸಾಜನ್‌ಗೆ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ. ಆ ಹೊತ್ತಿಗೆ ಅವರಿಗೆ 27 ವರ್ಷ. ಹೆಚ್ಚುಕಮ್ಮಿ ಎರಡು ದಶಕ ಈಜಿ ಗೆದ್ದ ಹತ್ತನೇ ಒಂದು ಸೆಕೆಂಡು ಅದು.

ನಮ್ಮ ಶಾಲೆಯ ಒಬ್ಬ ಹುಡುಗಿಯ ವಿಷಯ ಹೇಳಬೇಕು. ಹೆಸರು ಬೇಡ. ಅಣ್ಣಂದಿರ ಹಿಂದೆ ಕೆರೆಗೆ ಹೋಗಿ ತಾನೇ ಈಜು ಕಲಿತವಳು. ಅಪ್ಪನಿಗೆ ಹೆಂಚಿನ ಕಾರ್ಖಾನೆಯಲ್ಲಿ ಕೆಲಸ, ಅಮ್ಮ ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾರೆ. ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಒಂದು ಕೊಳಕ್ಕೆ ನಾನೇ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಕೋಚ್ ಸುಮ್ನೆ ನೋಡೋಣ ಅಂತ ಸ್ಟಾಪ್‌ವಾಚ್ ಹಿಡಿದರು. ತಲೆ ಎತ್ತಿಕೊಂಡೇ ಈಜುತ್ತಿದ್ದಳು, ಕೆರೆಯಲ್ಲಿ ಕಲಿತವರೆಲ್ಲ ಹಾಗೇ. ಟರ್ನ್ ಅಂದರೇನೆಂದೇ ಗೊತ್ತಿಲ್ಲ, ಗೋಡೆ ಮುಟ್ಟಿ ನಿಂತು ಇನ್ನೇನು ಅನ್ನೋ ಹಾಗೆ ನಮ್ಮ ಮುಖ ನೋಡಿದಳು. ಆದರೂ ಕೋಚ್ ಎರಡನೇ ಸಲ ಈಜಿಸಿದರು, ಮೂರನೇ ಸಲ ಈಜಿಸಿದರು. "ಐದು ವರ್ಷದ ಹಿಂದೆ ಎಲ್ಲಿದ್ರಿ ಮೇಡಂ? ಈಗಲೂ ಪರವಾಗಿಲ್ಲ, ದಿನಾ ಕರ್ಕೊಂಡು ಬನ್ನಿ" ಅಂದರು.

ದಿನಾ! ಹುಡುಗಿಯ ಅಮ್ಮನ ಹತ್ತಿರ ಹೋಗಿ ಮಾತಾಡಿದೆ. "ಕಳಿಸೋದು ಸರಿ ಮಿಸ್. ನಾಲ್ಕು ಗಂಟೆಗೆ ಎದ್ದು ಇವಳ ಜೊತೆ ಯಾರು ಹೋಗ್ತಾರೆ? ನಾನು ಹೋದ್ರೆ ಹಾಲು ಯಾರು ಕರೀತಾರೆ? ಆರು ಗಂಟೆಗೆಲ್ಲ ಡೈರಿಗೆ ಹಾಕ್ಬೇಕಲ್ಲ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಅವಳು ನಮ್ಮ ಥ್ರೋಬಾಲ್ ತಂಡದಲ್ಲಿದ್ದಾಳೆ. ಚೆನ್ನಾಗಿಯೇ ಆಡುತ್ತಾಳೆ. ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಕಬಡ್ಡಿ, ಕೊಕ್ಕೊ, ವಾಲಿಬಾಲ್, ಥ್ರೋಬಾಲ್ ಇರುತ್ತವೆ, ಓಟ ಇರುತ್ತದೆ. ಈಜು ಇರುವುದಿಲ್ಲ. ಇರೋಕೆ ನೀರೆಲ್ಲಿ?

ನೀರಿನ ಮಾತು ಬಂತು. ನೀವು ಕೇಳುವ ಮೊದಲ ಪ್ರಶ್ನೆ ಇದೇ ಅಂತ ಗೊತ್ತು. ಸಾವಿರ ಅಡಿ ದಾಟಿದರೂ ಬೋರ್‌ವೆಲ್‌ನಲ್ಲಿ ನೀರು ಸಿಗದ ಜಿಲ್ಲೆಗೆ ಈಜುಕೊಳವೇ? ಶೋಕಿ ಜಾಸ್ತಿಯಾಯಿತು ಅನ್ನಿಸಬಹುದು. ಲೆಕ್ಕ ಹಾಕೋಣ ಬನ್ನಿ, ಕಷ್ಟದ ಲೆಕ್ಕವಲ್ಲ.

25 ಮೀಟರ್ ಉದ್ದ, ಹನ್ನೆರಡೂವರೆ ಮೀಟರ್ ಅಗಲ, ಸರಾಸರಿ 1.35 ಮೀಟರ್ ಆಳ. ಇದಕ್ಕೆ ಹಿಡಿಯುವ ನೀರು ಸುಮಾರು 4 ಲಕ್ಷ 20 ಸಾವಿರ ಲೀಟರ್. ಕೃಷಿ ಭಾಗ್ಯ ಯೋಜನೆಯಲ್ಲಿ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಕೃಷಿ ಹೊಂಡ ತೋಡಿಸುತ್ತೀರಲ್ಲ, ಬದಿಗಳ ಇಳಿಜಾರು ಕಳೆದರೂ ಅದರಲ್ಲಿ 8 ಲಕ್ಷ ಲೀಟರ್ ನಿಲ್ಲುತ್ತದೆ. ಅಂದರೆ ನಾನು ಕೇಳುತ್ತಿರುವುದು ಒಬ್ಬ ರೈತನ ದೊಡ್ಡ ಹೊಂಡದ ಅರ್ಧದಷ್ಟು ನೀರು. ಅದೂ ಒಂದೇ ಸಲ. ಈಜುಕೊಳದ ನೀರನ್ನು ದಿನಾ ಚೆಲ್ಲುವುದಿಲ್ಲ. ಪಂಪು ಎಳೆದು ಮರಳಿನ ಫಿಲ್ಟರಿಗೆ ಕೊಟ್ಟು, ಕ್ಲೋರಿನ್ ಬೆರೆಸಿ ಮತ್ತೆ ಕೊಳಕ್ಕೇ ಬಿಡುತ್ತದೆ. ಕಳೆದುಕೊಳ್ಳುವುದು ಬಿಸಿಲಿಗೆ ಆವಿಯಾಗುವಷ್ಟು ಮತ್ತು ಫಿಲ್ಟರ್ ತೊಳೆಯುವಷ್ಟು. ದಿನಕ್ಕೆ 5 ಮಿಲಿಮೀಟರ್ ಆವಿಯಾಯಿತು ಅಂದರೆ ಸುಮಾರು ಒಂದೂವರೆ ಸಾವಿರ ಲೀಟರ್. ಎಲ್ಲ ಸೇರಿ ವಾರಕ್ಕೆ ಮೂರು ಟ್ಯಾಂಕರ್ ಅಂದುಕೊಳ್ಳಿ, ಬೇಸಿಗೆಯಲ್ಲಿ ಸ್ವಲ್ಪ ಜಾಸ್ತಿ. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 750 ಮಿಲಿಮೀಟರ್ ಮಳೆ. ಪಕ್ಕದ ಕಟ್ಟಡದ ಸಾವಿರ ಚದರ ಮೀಟರ್ ಚಾವಣಿಯ ನೀರನ್ನು ಹಿಡಿದಿಟ್ಟರೆ ವರ್ಷಕ್ಕೆ ಕಡಿಮೆಯೆಂದರೂ 6 ಲಕ್ಷ ಲೀಟರ್. ಹೆಚ್ಚಿನ ಪಾಲು ಅಲ್ಲೇ ಸರಿಹೋಗುತ್ತದೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಬಿಡುವ ಕೆ.ಸಿ. ವ್ಯಾಲಿ ನೀರನ್ನು ಮಾತ್ರ ದಯವಿಟ್ಟು ಇದಕ್ಕೆ ಬಿಡಬೇಡಿ. ಮಕ್ಕಳು ಕುಡಿದುಬಿಡುತ್ತಾರೆ.

50 ಮೀಟರಿನ ಒಲಿಂಪಿಕ್ ಕೊಳ ಬೇಡ ಅಂತಲೂ ಇದೇ ಕಾರಣಕ್ಕೆ ಹೇಳುವುದು. ಅದಕ್ಕೆ ಕಡಿಮೆಯೆಂದರೂ 25 ಲಕ್ಷ ಲೀಟರ್ ಬೇಕು. ಶಂಕುಸ್ಥಾಪನೆಯ ಫೋಟೊಗೆ ಚೆನ್ನಾಗಿರುತ್ತದೆ ಬಿಟ್ಟರೆ ಹತ್ತು ವರ್ಷದ ಮಗುವಿಗೆ ಅದರಿಂದ ಹೆಚ್ಚುವರಿ ಲಾಭವೇನೂ ಇಲ್ಲ. 25 ಮೀಟರಿನ ಕೊಳದಲ್ಲಿ ವಿಶ್ವ ಚಾಂಪಿಯನ್‌ಷಿಪ್ಪೇ ನಡೆಯುತ್ತದೆ. ಅಷ್ಟೇ ಯಾಕೆ, ನೂರು ಮೀಟರಿಗೆ ದೊಡ್ಡ ಕೊಳದಲ್ಲಿ ಒಂದು ಟರ್ನ್ ಆದರೆ ಚಿಕ್ಕದರಲ್ಲಿ ಮೂರು. ಕಲಿಯುವವರಿಗೆ ಅದೇ ಒಳ್ಳೆಯದು.

ರೆಸಾರ್ಟುಗಳಲ್ಲಿ ಕೊಳ ಇವೆಯಲ್ಲ ಅನ್ನುವವರಿಗೆ ಒಂದು ಮಾತು. ಇವೆ. ಗೋಡಂಬಿ ಆಕಾರದಲ್ಲಿ. ಭಾನುವಾರ ಬೆಂಗಳೂರಿನಿಂದ ಬಂದವರು ಎದೆಮಟ್ಟ ನೀರಿನಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಅದರಲ್ಲಿ ಲೇನ್ ಕಟ್ಟೋಕಾಗಲ್ಲ ಸ್ವಾಮಿ.

ಇನ್ನು ಚಾಂಪಿಯನ್‌ಗಳ ಮಾತು ಬಿಟ್ಟು ಬೇರೆ ಒಂದು ವಿಷಯ. ನಮ್ಮ ತಾತಂದಿರಿಗೆಲ್ಲ ಈಜು ಬರುತ್ತಿತ್ತು. ತೋಟದ ತೆರೆದ ಬಾವಿಯಲ್ಲಿ ಸೊಂಟಕ್ಕೆ ಬೆಂಡು ಕಟ್ಟಿ, ಇಲ್ಲವೇ ಒಣಗಿದ ಸೋರೆಬುರುಡೆ ಕಟ್ಟಿ, ಮೇಲೆ ಒಬ್ಬರು ಹಗ್ಗ ಹಿಡಿದುಕೊಂಡು ಕಲಿಸುತ್ತಿದ್ದರು. ಆಮೇಲೆ ಬಾವಿಗಳು ಬತ್ತಿದವು, ಕೆರೆಗಳಲ್ಲಿ ಜಾಲಿ ಬೆಳೆಯಿತು. ಒಂದು ತಲೆಮಾರು ಈಜು ಕಲಿಯದೇ ದೊಡ್ಡದಾಯಿತು. 2018ರಿಂದ ಕೆ.ಸಿ. ವ್ಯಾಲಿಯ ನೀರು ಕೆರೆಗಳಿಗೆ ಬರತೊಡಗಿತು. ಮಳೆಯೂ ಚೆನ್ನಾದ ವರ್ಷ ಕೆರೆಗಳು ಕೋಡಿ ಹರಿದವು. ಎಲ್ಲರಿಗೂ ಸಂತೋಷ, ನನಗೂ. ಆದರೆ ನೀರು ನೋಡದೆ ಬೆಳೆದ ಮಕ್ಕಳ ಮುಂದೆ ಇದ್ದಕ್ಕಿದ್ದಂತೆ ಎರಡಾಳು ನೀರು ಬಂದು ನಿಂತಿದೆ. ಕೆರೆ ಸಾಲದು ಅಂತ ಟೇಕಲ್ ಕಡೆ ಕಲ್ಲು ತೆಗೆದು ಬಿಟ್ಟ ಕ್ವಾರಿ ಗುಂಡಿಗಳು. ಕೃಷಿ ಹೊಂಡಗಳಂತೂ ಇನ್ನೂ ಅಪಾಯ. ಒಳಗೆ ಹಾಸಿದ ಪ್ಲಾಸ್ಟಿಕ್ ಪಾಚಿ ಕಟ್ಟಿ ಜಾರುತ್ತದೆ. ಬಿದ್ದವರಿಗೆ ಮೇಲೆ ಹತ್ತಲು ಹಿಡಿತವೇ ಸಿಗುವುದಿಲ್ಲ.

2024ರ ಡಿಸೆಂಬರ್‌ನಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರ ನಾಲ್ವರು ಹೆಣ್ಣುಮಕ್ಕಳು ಪ್ರವಾಸಕ್ಕೆ ಹೋದಾಗ ಮುರುಡೇಶ್ವರದ ಕಡಲಿನಲ್ಲಿ ತೀರಿಕೊಂಡರು. ಕೊಳದಲ್ಲಿ ಈಜು ಕಲಿತಿದ್ದರೆ ಬದುಕುತ್ತಿದ್ದರು ಅಂತ ನಾನು ಹೇಳುವುದಿಲ್ಲ. ಕಡಲಿನ ಸೆಳೆತಕ್ಕೆ ಒಳ್ಳೊಳ್ಳೆ ಈಜುಗಾರರೂ ಸಿಕ್ಕಿಹಾಕಿಕೊಳ್ಳುತ್ತಾರೆ. ಆದರೆ ನೀರಿನ ಪಾಠ ಆಗಿದ್ದ ಮಗುವಿಗೆ ಎಲ್ಲಿ ಇಳಿಯಬಾರದು ಅನ್ನೋದು ಗೊತ್ತಿರುತ್ತದೆ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೆ ಈಜು, ನೀರಿನಲ್ಲಿ ಜೋಪಾನವಾಗಿರುವುದು, ಇನ್ನೊಬ್ಬರನ್ನು ಸುರಕ್ಷಿತವಾಗಿ ಕಾಪಾಡುವುದು ಕಲಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ನಿಶಾ ಮಿಲೆಟ್ ಈಜು ಶುರು ಮಾಡಿದ್ದೇ ಹಾಗೆ. ಐದು ವರ್ಷದವರಿದ್ದಾಗ ನೀರಿನಲ್ಲಿ ಮುಳುಗಿ ಸ್ವಲ್ಪದರಲ್ಲಿ ಉಳಿದಿದ್ದರು. ಹೆದರಿಕೆ ಹೋಗಲಿ ಅಂತ ಅಪ್ಪ ಪಟ್ಟು ಹಿಡಿದು ಕಲಿಸಿದರು. ಆ ಹುಡುಗಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದಳು. ಜೀವ ಉಳಿಸುವ ಈಜು, ಪದಕ ತರುವ ಈಜು ಎರಡಕ್ಕೂ ಮೊದಲ ಪಾಠ ಒಂದೇ. ನೂರು ಮಕ್ಕಳು ಜೀವ ಉಳಿಸಿಕೊಳ್ಳಲು ಕಲಿತರೆ ಅದರಲ್ಲಿ ಒಬ್ಬಿಬ್ಬರು ಸ್ಪರ್ಧೆಗೆ ಸಿಗುತ್ತಾರೆ.

ಹೆಣ್ಣುಮಕ್ಕಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಇದನ್ನು ಬೇರೆ ಯಾರೂ ನಿಮಗೆ ಹೇಳಲಿಕ್ಕಿಲ್ಲ. ಧಿನಿಧಿ 14ಕ್ಕೆ ಪ್ಯಾರಿಸ್‌ನಲ್ಲಿದ್ದಳು. ನಮ್ಮ ಕಡೆ ಹುಡುಗಿಯರು ಆಟ ಬಿಡುವುದೇ ಹನ್ನೆರಡು, ಹದಿಮೂರಕ್ಕೆ. ಈಜಾದರೆ ಇನ್ನೂ ಕಷ್ಟ. ಬಟ್ಟೆಯ ಮಾತು ಬರುತ್ತದೆ. ಮೊಣಕಾಲು ಮುಚ್ಚುವ, ತೋಳಿರುವ ಈಜುಡುಗೆ ಈಗ ಸಿಗುತ್ತದೆ, ಅದನ್ನು ಮೊದಲ ದಿನವೇ ಅಮ್ಮಂದಿರಿಗೆ ತೋರಿಸಬೇಕು. ಬಟ್ಟೆ ಬದಲಾಯಿಸುವ ಕೋಣೆಗೆ ಬಾಗಿಲು ಇರಬೇಕು, ಬಾಗಿಲಿಗೆ ಚಿಲಕ ಇರಬೇಕು, ಒಳಗೆ ದೀಪ ಇರಬೇಕು. ನಗಬೇಡಿ, ಚಿಲಕ ಇಲ್ಲದ ಕಾರಣಕ್ಕೇ ಕ್ರೀಡಾಕೂಟಕ್ಕೆ ಬರಲ್ಲ ಅಂದ ಹುಡುಗಿಯರನ್ನು ನೋಡಿದ್ದೇನೆ. ತಿಂಗಳ ದಿನಗಳಲ್ಲಿ ಏನು ಮಾಡಬೇಕು ಅಂತ ಕೇಳಲು ಒಬ್ಬ ಹೆಂಗಸು ಅಲ್ಲಿರಬೇಕು. ಕೋಚ್ ಗಂಡಸಾದರೆ ಪರವಾಗಿಲ್ಲ, ಜೊತೆಗೆ ಒಬ್ಬ ಮಹಿಳಾ ಸಹಾಯಕಿ ಕಡ್ಡಾಯ. ಹುಡುಗಿಯರಿಗೆ ಬೇರೆ ಬ್ಯಾಚ್, ಸುತ್ತ ಗೋಡೆ, ಗೋಡೆಯ ಮೇಲೆ ಹತ್ತಿ ನೋಡಲಾಗದ ಎತ್ತರ. ಇಷ್ಟಿದ್ದರೆ ಮನೆಯವರನ್ನು ಒಪ್ಪಿಸುವ ಕೆಲಸ ನನ್ನದು.

ಕಟ್ಟುವುದು ಸುಲಭ, ನಡೆಸುವುದು ಕಷ್ಟ. ಬೇಸಿಗೆಯಲ್ಲಿ ಮೂರು ದಿನ ಪಂಪು ನಿಂತರೆ ಸಾಕು, ನೀರು ಹಸಿರಾಗುತ್ತದೆ. ಆಮೇಲೆ ದುರಸ್ತಿಗೆ ಅಂತ ಬೀಗ ಹಾಕುತ್ತಾರೆ. ಬೀಗ ಹಾಕಿದ ಕೊಳ ಮತ್ತೆ ತೆರೆಯುವಷ್ಟರಲ್ಲಿ ಒಂದು ಮಗುವಿನ ಎರಡು ವರ್ಷ ಹೋಗಿರುತ್ತದೆ. ಆದ್ದರಿಂದ ಕಟ್ಟಡದ ಅಂದಾಜು ಪಟ್ಟಿಯ ಜೊತೆಗೇ ಹತ್ತು ವರ್ಷದ ಕರೆಂಟ್ ಬಿಲ್ಲು, ಕ್ಲೋರಿನ್, ಫಿಲ್ಟರ್ ಮರಳು, ಪಂಪಿನ ಆಪರೇಟರ್, ಇಬ್ಬರು ಜೀವರಕ್ಷಕರು, ಎನ್‌ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಡಿಪ್ಲೊಮಾ ಮಾಡಿದ ಕೋಚ್‌ನ ಸಂಬಳ, ಇವನ್ನೂ ಬರೆಯಿಸಿ. ಕೋಚ್‌ನನ್ನು ಹನ್ನೊಂದು ತಿಂಗಳ ಹೊರಗುತ್ತಿಗೆಗೆ ತರಬೇಡಿ. ಮಗುವಿನ ಕೈ ಬೀಸು ತಿದ್ದುವಷ್ಟರಲ್ಲಿ ಅವರ ಗುತ್ತಿಗೆ ಮುಗಿದಿರುತ್ತದೆ. ಖಾಸಗಿಯವರಿಗೆ ಟೆಂಡರ್ ಕೊಡುವುದಾದರೆ ಬೆಳಗಿನ ಮೊದಲ ಎರಡು ಗಂಟೆ ಸರ್ಕಾರಿ ಶಾಲೆಯ ಮಕ್ಕಳಿಗೆ ಉಚಿತ ಎಂದು ಟೆಂಡರಿನಲ್ಲೇ ಬರೆಯಿರಿ. ಬಾಯಿಮಾತು ಬೇಡ.

ದುಡ್ಡು ಎಲ್ಲಿಂದ ಅಂತ ನನ್ನಂಥವಳು ಹೇಳಬೇಕಾಗಿಲ್ಲ. ಆದರೂ ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳಲ್ಲಿ ದೊಡ್ಡ ದೊಡ್ಡ ಕಂಪನಿಗಳಿವೆ, ಅವಕ್ಕೆ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಖರ್ಚು ಮಾಡಲೇಬೇಕು. ಕ್ವಾರಿಗಳಿಂದ ಬರುವ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವಿದೆ. ಗುಂಡಿ ತೋಡಿದವರ ದುಡ್ಡಿನಲ್ಲೇ ಮಕ್ಕಳು ಈಜು ಕಲಿಯಲಿ, ಅದು ನ್ಯಾಯ ತಾನೆ?

ಜಿಲ್ಲಾಧಿಕಾರಿಗಳಿಗೆ ಖಾಡೆ ಅವರ ಕಥೆಯ ಉಳಿದ ಭಾಗವನ್ನೂ ಹೇಳಬೇಕು, ಅದು ನಿಮ್ಮ ಕಂದಾಯ ಇಲಾಖೆಗೆ ಸಂಬಂಧಿಸಿದ್ದು. ಏಷ್ಯಾಡ್ ಪದಕ ಬಂದ ಮೇಲೆ ಮಹಾರಾಷ್ಟ್ರ ಸರ್ಕಾರ ಅವರಿಗೆ ತಹಶೀಲ್ದಾರ್ ಕೆಲಸ ಕೊಟ್ಟಿತು. ಗೌರವದ ಕೆಲಸವೇ. ಆದರೆ ಪಹಣಿ, ಮ್ಯುಟೇಶನ್, ಚುನಾವಣೆ ನೋಡಿಕೊಂಡು ದಿನಾ ಐದು ಕಿಲೋಮೀಟರ್ ಈಜಲು ಯಾರಿಂದ ಆಗುತ್ತದೆ? ಕೆಲವು ವರ್ಷ ಈಜಿನಿಂದ ದೂರ ಉಳಿದರು. ಮತ್ತೆ ನೀರಿಗಿಳಿದು 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಫೈನಲ್ಲಿಗೆ ಬಂದರು. ಕಂಚು ಗೆದ್ದ ಜಪಾನಿನವರದ್ದು 22.46 ಸೆಕೆಂಡ್. ಇವರದ್ದು 22.47. ನಡುವೆ ಆ ವರ್ಷಗಳು ಹೋಗದಿದ್ದರೆ ಏನಾಗುತ್ತಿತ್ತು ಅಂತ ಲೆಕ್ಕ ಹಾಕುವುದು ಸುಲಭ, ಸಾಬೀತು ಮಾಡಲು ಆಗದು. ನಾಳೆ ನಮ್ಮ ಜಿಲ್ಲೆಯಿಂದಲೂ ಯಾರಾದರೂ ಗೆದ್ದು ಬಂದರೆ ಸನ್ಮಾನ, ಶಾಲು, ಕೆಲಸ ಎಲ್ಲ ಕೊಡಿ. ಅದರ ಜೊತೆ ಅಭ್ಯಾಸಕ್ಕೆ ರಜೆಯನ್ನೂ ಕೊಡಿ. ಸಾಜನ್ ಕೇರಳ ಪೊಲೀಸ್‌ನಲ್ಲಿ ಕೆಲಸದಲ್ಲಿದ್ದುಕೊಂಡೇ ಟೋಕಿಯೊಗೆ ಹೋದವರು. ಮನಸ್ಸಿದ್ದರೆ ಹಾಗೂ ಮಾಡಬಹುದು.

ಮುಂದಿನ ಸಾಲಿನ ಕ್ರಿಯಾಯೋಜನೆಗೆ ಇದನ್ನು ಸೇರಿಸುವುದಾದರೆ ಜಾಗದ ವಿಷಯ, ನೀರಿನ ಲೆಕ್ಕ, ಸುತ್ತಲಿನ ಶಾಲೆಗಳಿಂದ ಎಷ್ಟು ಮಕ್ಕಳು ಬರಬಹುದು ಅನ್ನೋದನ್ನೆಲ್ಲ ನಾನು ಮತ್ತು ನಮ್ಮ ತಾಲ್ಲೂಕಿನ ಬೇರೆ ದೈಹಿಕ ಶಿಕ್ಷಕರು ಸೇರಿ ಬರೆದು ಕೊಡುತ್ತೇವೆ. ಸಭೆಗೆ ಕರೆದರೆ ಬರುತ್ತೇನೆ. ಯಾವ ದಿನವಾದರೂ ಸರಿ, ಶನಿವಾರ ಮಾತ್ರ ಬೇಡ. ಅವತ್ತು ಬೆಳಗಿನ ಶಾಲೆ, ಸಾಮೂಹಿಕ ಕವಾಯತು ನಾನೇ ಮಾಡಿಸಬೇಕು.

ಇಂತಿ ನಿಮ್ಮ ವಿಶ್ವಾಸಿ,
ಮಾಲೂರು ತಾಲ್ಲೂಕಿನ ಒಬ್ಬ ದೈಹಿಕ ಶಿಕ್ಷಕಿ